ಮ್ಯಾಪಿನ ತಿಳಿ ಬಣ್ಣ ನೋಡಿ ನಿಶ್ಚಿಂತರಾಗಬೇಡಿ: ಹಳ್ಳಿಗಾಡಿನ ಕೌಂಟಿಯಲ್ಲಿ ವಿಪತ್ತಿನ ಅಪಾಯ ಅಳೆಯುವುದು ಹೇಗೆ?

ಅಮೆರಿಕದ ಹಳ್ಳಿಗಾಡಿನ ಕೌಂಟಿಯಲ್ಲಿ (ನಮ್ಮ ಜಿಲ್ಲೆ ಇದ್ದ ಹಾಗೆ) ಮನೆ ಮಾಡಿದ್ದೀರಾ, ಅಥವಾ ಮಾಡುವ ಯೋಚನೆ ಇದೆಯಾ? ಅಲ್ಲಿ ಏನೇನು ವಿಪತ್ತು ಬರಬಹುದು ಅಂತ ಎರಡು ದಿನ ಬಿಡುವು ಮಾಡಿಕೊಂಡು ನೋಡಿ. ಅದಕ್ಕೆ ಎಂಜಿನಿಯರ್ ಆಗಬೇಕಿಲ್ಲ.

ಮೊದಲು ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆ ಫೀಮಾದ ನ್ಯಾಷನಲ್ ರಿಸ್ಕ್ ಇಂಡೆಕ್ಸ್ ನೋಡಿ. ನೆರೆ, ಸುಂಟರಗಾಳಿ, ಕಾಡ್ಗಿಚ್ಚು, ಭೂಕಂಪ ಹೀಗೆ 18 ಬಗೆಯ ವಿಪತ್ತುಗಳನ್ನು ಲೆಕ್ಕ ಹಾಕಿ ಪ್ರತಿ ಕೌಂಟಿಗೂ ಅಂಕ ಕೊಟ್ಟಿದ್ದಾರೆ. ಜನ ಎಡವುವುದು ಇಲ್ಲೇ. ಆ ಅಂಕದ ಬುಡದಲ್ಲಿರುವುದು ವರ್ಷಕ್ಕೆ ಎಷ್ಟು ಡಾಲರ್ ನಷ್ಟ ಆಗಬಹುದು ಅನ್ನುವ ಅಂದಾಜು. ಮನೆ ಕಡಿಮೆ, ಜನ ಕಡಿಮೆ ಅಂದರೆ ನಷ್ಟವೂ ಕಡಿಮೆ, ಹಾಗಾಗಿ ಮ್ಯಾಪಿನಲ್ಲಿ ಬಣ್ಣವೂ ತಿಳಿ. ನಿಮ್ಮ ಮನೆಗೆ ಅಪಾಯ ಇಲ್ಲ ಅಂತ ಅದರ ಅರ್ಥ ಅಲ್ಲ. ಒಟ್ಟು ಅಂಕ ಬಿಡಿ, ಯಾವ ಮೂರ್ನಾಲ್ಕು ವಿಪತ್ತು ಮೇಲಿವೆ ಅಂತ ಮಾತ್ರ ಬರೆದುಕೊಳ್ಳಿ.

ಆಮೇಲೆ ಹಳೆಯ ದಾಖಲೆ. ಅಲ್ಲಿನ ಸಾಗರ ಮತ್ತು ಹವಾಮಾನ ಸಂಸ್ಥೆ ನೋವಾದ ಸ್ಟಾರ್ಮ್ ಇವೆಂಟ್ಸ್ ಪಟ್ಟಿಯಲ್ಲಿ ಸುಂಟರಗಾಳಿಗಳ ಲೆಕ್ಕ 1950ರಿಂದ ಇದೆ, ಬೇರೆ ಬಹಳಷ್ಟು ಬಗೆಯವು 1996ರಿಂದ ಸಿಗುತ್ತವೆ. ಇದನ್ನೂ ಸ್ವಲ್ಪ ಹುಷಾರಾಗಿ ಓದಿ. ಸುಂಟರಗಾಳಿಯ ದರ್ಜೆ ನಿರ್ಧಾರ ಆಗುವುದು ಅದು ಏನನ್ನು ಮುರಿದು ಹಾಕಿತು ಅನ್ನುವುದರ ಮೇಲೆ. 2013ರಲ್ಲಿ ಓಕ್ಲಹೋಮಾದ ಎಲ್ ರೀನೋ ಬಳಿ ಎದ್ದ ಸುಂಟರಗಾಳಿ 4 ಕಿ.ಮೀ.ಗಿಂತ ಅಗಲ ಇತ್ತು, ರಾಡಾರ್ ಅಳೆದ ಗಾಳಿಯ ವೇಗ ಇಎಫ್-5, ಅಂದರೆ 0ಯಿಂದ 5ರವರೆಗಿನ ದರ್ಜೆಯಲ್ಲಿ ಎಲ್ಲಕ್ಕಿಂತ ಮೇಲಿನ ಮಟ್ಟದ್ದು. ಆದರೂ ಬಹುಪಾಲು ಬಯಲಲ್ಲೇ ಹಾದು ಹೋಗಿದ್ದರಿಂದ ದಾಖಲೆಯಲ್ಲಿ ಇಎಫ್-3 ಅಂತ ಕೂತಿದೆ.

ಇನ್ನು ನೆರೆ. ಇದಕ್ಕೆ ಜಾಸ್ತಿ ಸಮಯ ಕೊಡಿ. ಫೀಮಾದ ನೆರೆ ಮ್ಯಾಪಿನಲ್ಲಿ ನಿಮ್ಮ ಜಾಗ ಬರೀ 'ಎ' ವಲಯ (ನೆರೆಯ ಅಪಾಯ ಹೆಚ್ಚಿರುವ ಜಾಗ) ಅಂತಿದ್ದರೆ, ನೀರು ಎಲ್ಲಿವರೆಗೆ ಏರುತ್ತದೆ ಅಂತ ಅಲ್ಲಿ ವಿವರವಾಗಿ ಅಳೆದಿಲ್ಲ ಅಂತ ತಿಳಿಯಿರಿ. ಹಳ್ಳಿ ಕಡೆ ಇದು ಮಾಮೂಲು. 'ನೂರು ವರ್ಷದ ನೆರೆ' ಅನ್ನುವ ಮಾತನ್ನೂ ನಂಬಿ ಕೂರಬೇಡಿ. ವರ್ಷಕ್ಕೆ ಶೇ 1ರಷ್ಟು ಸಾಧ್ಯತೆ ಅಂದರೆ 30 ವರ್ಷದಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಸುಮಾರು ಶೇ 26. ಕಡಿಮೆಯೇನಲ್ಲ, ಅಲ್ವಾ?

ಹಾಗಾಗಿ ಹಳ್ಳದ ದಂಡೆಗೆ ನೀವೇ ಹೋಗಿ. ಬೇಲಿಯ ತಂತಿಗೆ ಒಣಹುಲ್ಲು, ಕಡ್ಡಿ, ಪ್ಲಾಸ್ಟಿಕ್ ಚೂರು ಸುತ್ತಿಕೊಂಡು ಎಲ್ಲವೂ ಒಂದೇ ದಿಕ್ಕಿಗೆ ಬಾಗಿದೆಯಾ ನೋಡಿ. ಆ ಕಸ ನಿಮ್ಮ ಎದೆಮಟ್ಟಕ್ಕಿದ್ದರೆ ನೀರೂ ಅಷ್ಟು ಬಂದಿತ್ತು. ಮೋರಿಯ ಬಾಯಿ ಮಣ್ಣು, ಕೊಂಬೆಗಳಿಂದ ಅರ್ಧ ಮುಚ್ಚಿದೆಯಾ ಅಂತಲೂ ಬಗ್ಗಿ ನೋಡಿ. ಪಕ್ಕದ ಜಮೀನಿನ ಹಿರಿಯರನ್ನು ಮಾತಾಡಿಸಿ, ಯಾವ ವರ್ಷ ನೀರು ಎಲ್ಲಿಗೆ ಬಂತು ಅಂತ ಕೈತೋರಿಸಿ ಹೇಳುತ್ತಾರೆ.

ಮುಂದಿನದು ದಾರಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಮನೆಯಿಂದ ಹೊರಹೋಗಲು ಎಷ್ಟು ರಸ್ತೆಗಳಿವೆ, ಅವು ಯಾವ ಸೇತುವೆ ದಾಟುತ್ತವೆ, ಅದು ಮುಳುಗಿದರೆ ಆಸ್ಪತ್ರೆಗೆ ಸುತ್ತು ದಾರಿ ಎಷ್ಟು ಹೊತ್ತು ಅಂತ ಗಾಡಿ ಓಡಿಸಿಯೇ ನೋಡಿ. ಹರಿಯುವ ನೀರು ಒಂದಡಿ ಇದ್ದರೂ ಸಾಕು, ಸಣ್ಣ ಕಾರು ತೇಲಿಹೋಗಬಹುದು. 2018ರಲ್ಲಿ ಕ್ಯಾಲಿಫೋರ್ನಿಯಾದ ಬ್ಯೂಟ್ ಕೌಂಟಿಯ ಕಾಡ್ಗಿಚ್ಚಿನಲ್ಲಿ 85 ಜನ ಸತ್ತರು, ಪ್ಯಾರಡೈಸ್ ಊರಿನಿಂದ ಹೊರಡುವ ರಸ್ತೆಗಳಲ್ಲಿ ಕಾರುಗಳು ಸಾಲುಗಟ್ಟಿ ನಿಂತುಬಿಟ್ಟಿದ್ದವು.

ಎಚ್ಚರಿಕೆ ರಾತ್ರಿ ಹೇಗೆ ತಲುಪುತ್ತದೆ ಅಂತಲೂ ನೋಡಿಕೊಳ್ಳಿ. ಟೆಕ್ಸಸ್‌ನ ಕರ್ ಕೌಂಟಿಯಲ್ಲಿ 2025ರ ಜುಲೈ 4ರಂದು ನದಿ ಉಕ್ಕಿದ್ದು ಬೆಳಗಿನ ಜಾವ, ಆ ಒಂದು ಕೌಂಟಿಯಲ್ಲೇ 100ಕ್ಕೂ ಹೆಚ್ಚು ಜನ ಸತ್ತರು. ಮಲಗುವ ಕೋಣೆಯಲ್ಲಿ ಮೊಬೈಲ್ ಸಿಗ್ನಲ್ ಸಿಗದಿದ್ದರೆ ಹವಾಮಾನದ ಎಚ್ಚರಿಕೆ ಬಿತ್ತರಿಸುವ ಬ್ಯಾಟರಿ ರೇಡಿಯೊ ತಂದಿಡಿ.

ಕೌಂಟಿಯ ವಿಪತ್ತು ತಗ್ಗಿಸುವ ಯೋಜನೆಯನ್ನೂ ಕೇಳಿ ಪಡೆಯಿರಿ, ಅದನ್ನು 5 ವರ್ಷಕ್ಕೊಮ್ಮೆ ಹೊಸದಾಗಿ ಮಾಡುತ್ತಾರೆ. ಅದಕ್ಕಾಗಿ ಕೌಂಟಿ ಕಚೇರಿಗೆ ಹೋದಾಗ ಬೇಲಿಯ, ಮೋರಿಯ ಫೋಟೊ ತೋರಿಸಿ.

ಕೊನೆಗೆ ಒಂದು ಹಾಳೆಯಲ್ಲಿ ಪ್ರತಿ ವಿಪತ್ತಿನ ಮುಂದೆ ಮೂರು ವಿಷಯ ಬರೆಯಿರಿ: ಎಷ್ಟು ಸಲ ಬಂದಿದೆ, ಬಂದರೆ ಏನು ಹೋಗುತ್ತದೆ, ಹೊರಬೀಳಲು ದಾರಿ ಇದೆಯಾ. ಹಾಳೆಯಲ್ಲಿ ನೆರೆಯೇ ದೊಡ್ಡ ಅಪಾಯ ಅಂತ ಕಂಡರೆ ಈ ವಾರವೇ ವಿಮೆ ವಿಚಾರಿಸಿ. ಸಾಮಾನ್ಯ ಮನೆ ವಿಮೆ ನೆರೆಗೆ ಅನ್ವಯಿಸುವುದಿಲ್ಲ. ಸರ್ಕಾರಿ ನೆರೆ ವಿಮೆ ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ ಬೇಕು, ಮೋಡ ಕಟ್ಟಿದ ಮೇಲೆ ಮಾಡಿಸಿದರೆ ಆ ಮಳೆಗೆ ಸಿಗುವುದಿಲ್ಲ.