ಕಮಲ ಮಹಲಿನ ಕಮಾನು ಬಟ್ಟೆಯಲ್ಲಿ: ಅಂಚು ಮಡಿಸುವ ಕ್ರಮ

ಹಂಪಿಯ ಕಮಲ ಮಹಲಿನ ಕಮಾನುಗಳು ಒಂದರೊಳಗೊಂದು ಹಿಂದೆ ಸರಿಯುತ್ತ ಹೋಗುತ್ತವೆ. ಅಂಚಿನುದ್ದಕ್ಕೂ ದಳ, ನೆತ್ತಿಯಲ್ಲಿ ಮೊನೆ. ಇದನ್ನು ಬಟ್ಟೆಗೆ ಇಳಿಸಲು ತೇಪೆ ಅಂಟಿಸುವುದಕ್ಕಿಂತ, ಮೇಲಿನ ಬಟ್ಟೆಯಲ್ಲಿ ಕಮಾನಿನಾಕಾರದ ಕಿಂಡಿ ಕತ್ತರಿಸಿ, ಅಂಚು ಒಳಗೆ ಮಡಿಸಿ ಹೊಲಿದು, ಕೆಳಗಿನ ಬಣ್ಣ ಕಾಣಿಸುವುದೇ ಸರಿ. ಹೆಚ್ಚಿನವರ ಕೆಲಸ ಕೆಡುವುದು ಆ ಮಡಿಕೆಯಲ್ಲೇ.

ಸಾಮಾನು

40 × 50 ಸೆಂ.ಮೀ. ಅಳತೆಯ ಮೂರು ತುಂಡು ಪಾಪ್ಲಿನ್ ಅಥವಾ ಕೇಂಬ್ರಿಕ್ (ಒತ್ತು ನೇಯ್ಗೆಯ ತೆಳು ಹತ್ತಿ ಬಟ್ಟೆ): ಮೇಲಕ್ಕೆ ಗಾರೆಯ ತಿಳಿಬಣ್ಣ, ನಡುವೆ ಇಟ್ಟಿಗೆಗೆಂಪು, ತಳಕ್ಕೆ ಗಾಢ ಕಂದು. ಸ್ಯಾಟಿನ್, ಪಾಲಿಯೆಸ್ಟರ್ ಬೇಡವೇ ಬೇಡ, ಮಡಿಕೆ ನಿಲ್ಲುವುದಿಲ್ಲ. ತೊಳೆದು ಇಸ್ತ್ರಿ ಮಾಡಿದ ಮೇಲೆಯೇ ಕತ್ತರಿ ಹಾಕಿ. 10ನೇ ನಂಬರಿನ ಸೂಜಿ, ಮಡಿಸುವ ಬಟ್ಟೆಯ ಬಣ್ಣದ್ದೇ ತೆಳು ಹತ್ತಿ ದಾರ, ಚೂಪುತುದಿಯ ಸಣ್ಣ ಕತ್ತರಿ, ಟೂತ್‌ಪಿಕ್, ಟೇಲರ್ ಚಾಕ್. ಇಸ್ತ್ರಿಯ ಬಿಸಿಗೆ ಅಳಿಯುವ ಪೆನ್ನು ನಂಬಬೇಡಿ. ಚಳಿಗೆ ಗೆರೆ ಮತ್ತೆ ಮೂಡುತ್ತದೆ.

ನಕ್ಷೆ

ಕಮಾನಿನ ಎದುರು ನಟ್ಟನಡುವೆ, ದೂರ ನಿಂತು ಜೂಮ್ ಮಾಡಿ ತೆಗೆದ ಫೋಟೊ ಬೇಕು. ಹತ್ತಿರದಿಂದ ಮೊಬೈಲ್ ಮೇಲಕ್ಕೆ ಓರೆ ಮಾಡಿ ತೆಗೆದರೆ ಕಂಬಗಳು ಒಳಕ್ಕೆ ವಾಲುತ್ತವೆ. ಮಡಿಸಿದ ಕಾಗದದ ಮೇಲೆ ಅರ್ಧ ಕಮಾನು ಬರೆದು ಕತ್ತರಿಸಿದರೆ ಎಡ-ಬಲ ಒಂದೇ ಆಗುತ್ತವೆ. ಕಟ್ಟಡದಲ್ಲಿರುವಷ್ಟೇ ದಳ ಇಡುವ ಹಟ ಬೇಡ. ದಳ 2.5 ಸೆಂ.ಮೀ.ಗಿಂತ ಕಿರಿದಾದರೆ ಅಂಚು ಅಂದವಾಗಿ ಮಡಿಯುವುದಿಲ್ಲ. ನಡುವಿನ ಬಟ್ಟೆಯ ಒಳಕಮಾನು, ಮೇಲಿನ ಬಟ್ಟೆಯ ಹೊರಕಮಾನಿಗಿಂತ ಸುತ್ತಲೂ 2.5 ಸೆಂ.ಮೀ. ಚಿಕ್ಕದಿರಲಿ. ಗಾರೆಯ ಸಣ್ಣ ಕುಸುರಿಯನ್ನು ಬಿಟ್ಟುಬಿಡಿ.

ಜೋಡಣೆ

ಮೂರೂ ಬಟ್ಟೆಯ ನಡುಗೆರೆಯನ್ನು ಬೇರೆ ಬಣ್ಣದ ದಾರದ ಕಚ್ಚಾ ಹೊಲಿಗೆಯಲ್ಲಿ (ಆಮೇಲೆ ಬಿಚ್ಚುವ ಉದ್ದ ಹೊಲಿಗೆ) ಗುರುತಿಸಿ. ಮೊದಲು ನಡುವಿನ ಬಟ್ಟೆಯ ಕಮಾನನ್ನು ತಳದ ಮೇಲೆ ಪೂರ್ತಿ ಹೊಲಿಯಿರಿ, ಆಮೇಲೆ ಮೇಲಿನದು. ಚಾಕ್‌ನಿಂದ ಬರೆದ ಕಮಾನಿನ ಗೆರೆಯಿಂದ 1.5 ಸೆಂ.ಮೀ. ಹೊರಗೆ ಕಚ್ಚಾ ಹೊಲಿಗೆ ಹಾಕಿ. ಗುಂಡುಪಿನ್ನಾದರೆ ದಾರ ಸಿಕ್ಕಿಕೊಳ್ಳುತ್ತದೆ.

ಮಡಿಕೆ

ಇಡೀ ಕಮಾನನ್ನು ಒಮ್ಮೆಲೇ ಕತ್ತರಿಸಬೇಡಿ. ಬಾಗಿದ ಅಂಚಿನಲ್ಲಿ ಬಟ್ಟೆಯ ಎಳೆ ಓರೆಯಾಗಿರುವುದರಿಂದ ಎಳೆದಂತೆ ಹಿಗ್ಗುತ್ತದೆ. ಗೆರೆಯ ಒಳಗೆ 5 ಮಿ.ಮೀ. ಬಿಟ್ಟು, ಒಂದು ಸಲಕ್ಕೆ 5 ಸೆಂ.ಮೀ. ಮಾತ್ರ ಕತ್ತರಿಸಿ, ಅಷ್ಟನ್ನೇ ಹೊಲಿದು ಮುಂದೆ ಹೋಗಿ. ಆರಂಭ ಕಂಬದ ನೇರ ಬದಿಯಿಂದ. ಹೆಮ್ಮಿಂಗ್ ಹೊಲಿಗೆಗಳ ನಡುವೆ 2–3 ಮಿ.ಮೀ. ಅಂತರ.

ಅಂಚಿನಲ್ಲಿ ಮೂರು ಬಗೆಯ ಜಾಗಗಳಿವೆ, ಮೂರಕ್ಕೂ ಒಂದೇ ಉಪಾಯ ನಡೆಯುವುದಿಲ್ಲ. ದಳದ ಒಳಬಾಗಿನಲ್ಲಿ ಮಡಿಸುವ ಬಟ್ಟೆ ಸಾಲದೆ ಬಿಗಿಯುತ್ತದೆ. ಅಲ್ಲಿ ಪ್ರತಿ 5 ಮಿ.ಮೀ.ಗೊಂದು ಕಚ್ಚು (ಕತ್ತರಿತುದಿಯ ಸಣ್ಣ ಸೀಳು), ಗೆರೆಗೆ 1.5 ಮಿ.ಮೀ. ಇರುವಾಗ ನಿಲ್ಲಿಸಿ. ಕಚ್ಚು ವಿರಳವಾದರೆ ದಳ ಮೂಲೆಮೂಲೆಯಾಗುತ್ತದೆ, ಆಳವಾದರೆ ಎಳೆ ಹೊರಬರುತ್ತದೆ.

ಎರಡು ದಳಗಳ ನಡುವೆ ಬಟ್ಟೆಯೇ ಮೊನೆಯಾಗಿ ಹೊರಚಾಚುತ್ತದೆ. ಇಲ್ಲಿ ಕಚ್ಚು ಹಾಕುವವರೇ ಹೆಚ್ಚು. ಬೇಕಿರುವುದು ಅದಲ್ಲ, ದಪ್ಪ ಕಡಿಮೆ ಮಾಡುವುದು. ಮೊನೆಗೆ ಒಂದು ಹೊಲಿಗೆ ಇರುವವರೆಗೆ ಬನ್ನಿ. ಒಳಗೆ ಮಡಿದ ಬಟ್ಟೆಯಲ್ಲಿ ಕಿವಿಯಂತೆ ಚಾಚಿರುವ ಹೆಚ್ಚುವರಿ ತುದಿಯನ್ನು ಕತ್ತರಿಸಿ. ತುದಿಯನ್ನು ಅಡ್ಡಲಾಗಿ ಒಳಗೆ ಮಡಿಸಿ, ಮೊನೆಯಲ್ಲೇ ಎರಡು ಹೊಲಿಗೆ ಹಾಕಿ, ಆಮೇಲೆ ಆಚೆ ಬದಿಯನ್ನು ಒದ್ದೆ ಟೂತ್‌ಪಿಕ್‌ನಿಂದ ಒಳಗೆ ತಳ್ಳಿ. ಒಣ ಟೂತ್‌ಪಿಕ್ ಜಾರುತ್ತದೆ.

ನೆತ್ತಿಯ ಮೂಲೆ ಇದಕ್ಕೆ ತಿರುಗುಮುರುಗು. ಅಲ್ಲಿ ಒಂದೇ ಕಚ್ಚು, ಗೆರೆಗೆ ಒಂದೆಳೆ ಉಳಿಯುವವರೆಗೆ ನೇರವಾಗಿ. ಮಡಿಸಲು ಬಟ್ಟೆಯೇ ಇರುವುದಿಲ್ಲವಾದ್ದರಿಂದ 1 ಮಿ.ಮೀ. ಅಂತರದಲ್ಲಿ ನಾಲ್ಕೈದು ಹೊಲಿಗೆ ಒತ್ತಾಗಿ ಬೀಳಬೇಕು. ಎಳೆ ಬಿಚ್ಚಿತೆಂದು ಬಿಳಿ ಅಂಟು ಸುರಿಯಬೇಡಿ, ಒಣಗಿದ ಮೇಲೆ ಸೂಜಿ ಇಳಿಯುವುದಿಲ್ಲ.

ಇಷ್ಟು ತಾಳ್ಮೆ ಇಲ್ಲದವರು ಬಿಸಿಗೆ ಅಂಟುವ ಬಕ್ರಂ (ಗಟ್ಟಿ ಒಳಬಟ್ಟೆ) ಹಾಕಿ, ಮಡಿಸದೆ ಕತ್ತರಿಸಿ, ಯಂತ್ರದಲ್ಲಿ ಸುತ್ತಲೂ ಹೊಲಿಯುತ್ತಾರೆ. ಬೇಗ ಮುಗಿಯುತ್ತದೆ, ಆದರೆ ಕಮಾನಿಗೆ ಆಳ ಬರುವುದಿಲ್ಲ. ಕುಶನ್ ಕವರಿಗಾದರೆ ಸರಿ, ಗೋಡೆಗಲ್ಲ.

ಉಳಿದದ್ದು

ಹಿಂಬದಿಯಲ್ಲಿ ಹೊಲಿಗೆಯ ಆಚೆ ಉಳಿದ ಬಟ್ಟೆಯನ್ನು 1 ಸೆಂ.ಮೀ. ಬಿಟ್ಟು ಕತ್ತರಿಸಿ. ಟವೆಲಿನ ಮೇಲೆ ಬೋರಲಾಗಿಟ್ಟು ಇಸ್ತ್ರಿ ಮಾಡಿ. ಹಿಂದೆ ಹಳೆಯ ಹತ್ತಿ ಸೀರೆಯ ಪದರವಿಟ್ಟು, ಕೌದಿಗೆ ಹಾಕುವಂತೆ ಕಮಾನಿನ ಸುತ್ತ 1 ಸೆಂ.ಮೀ. ಅಂತರದ ಸಾಲುಹೊಲಿಗೆ ಹಾಕಿದರೆ ಗೋಡೆಯ ಭಾಗಕ್ಕೆ ಗಟ್ಟಿತನ ಬರುತ್ತದೆ. ತೂಗುಹಾಕಲು ಹಿಂದೆ 6 ಸೆಂ.ಮೀ. ಅಗಲದ ಪಟ್ಟಿ ಹೊಲಿದು ಕೋಲು ತೂರಿಸಿ. ಗಾಜಿನ ಫ್ರೇಮ್ ಬೇಡ, ಗಾಜು ತಾಗಿದರೆ ಮಡಿಕೆಗಳು ಚಪ್ಪಟೆಯಾಗುತ್ತವೆ.