ಲಿನಕ್ಸ್‌ನಲ್ಲಿ ಲ್ಯಾಪ್‌ಟಾಪ್ ಮೋಡೆಮ್: ಡ್ರೈವರ್ ಆಮೇಲೆ, ಮೊದಲು ಚಿಪ್ ನೋಡಿ

ಇದು 2008ರ ಸುಮಾರಿನ ಮಾತು. ಪೇಟೆಯವರಿಗೆ ಬ್ರಾಡ್‌ಬ್ಯಾಂಡ್ ಬಂತು. ಎಕ್ಸ್‌ಚೇಂಜಿನಿಂದ ದೂರ ಇರುವ ಪೆರ್ಲ, ಮುಳ್ಳೇರಿಯ, ಬಂದಡ್ಕ ಕಡೆಯ ತೋಟದ ಮನೆಗಳಿಗೆ ಆಗಲೂ ಡಯಲ್‌ಅಪ್ಪೇ, ಅಂದರೆ ಫೋನ್ ಲೈನಿನಲ್ಲಿ ನಂಬರ್ ಒತ್ತಿ ಪಡೆಯುವ ಇಂಟರ್ನೆಟ್ಟೇ, ಗತಿಯಾಗಿತ್ತು. ಜೊತೆಗೆ ನಮ್ಮ ಕಾಸರಗೋಡಿನಲ್ಲಿ ಇನ್ನೊಂದು ವಿಶೇಷ ಇತ್ತು. ಕೇರಳ ಸರಕಾರದ ಐಟಿ ಅಟ್ ಸ್ಕೂಲ್ ಯೋಜನೆಯಿಂದಾಗಿ ಮಕ್ಕಳೂ ಮೇಷ್ಟ್ರುಗಳೂ ಶಾಲೆಯಲ್ಲಿ ಲಿನಕ್ಸ್ ಕಲಿಯುತ್ತಿದ್ದರು, ಮನೆಯ ಲ್ಯಾಪ್‌ಟಾಪಿಗೂ ಲಿನಕ್ಸ್‌ನದೇ ಒಂದು ರೂಪವಾದ ಉಬುಂಟು ಹಾಕಿಕೊಳ್ಳುತ್ತಿದ್ದರು. ಸೌಂಡ್ ಬರುತ್ತಿತ್ತು, ವೈಫೈ ಬರುತ್ತಿತ್ತು, ಫೋನಿನ ವಯರು ಚುಚ್ಚಿದರೆ ಮಾತ್ರ ಒಳಗಿನ ಮೋಡೆಮ್, ಅಂದರೆ ಫೋನ್ ಲೈನಿನಲ್ಲಿ ಇಂಟರ್ನೆಟ್ ತರುವ ಭಾಗ, ಸುಮ್ನೆ ಕೂರುತ್ತಿತ್ತು.

ಆಗ ಶುರುವಾಗುತ್ತಿತ್ತು ಸಿಕ್ಕಸಿಕ್ಕ ಡ್ರೈವರ್, ಅಂದರೆ ಆ ಭಾಗವನ್ನು ನಡೆಸುವ ಸಾಫ್ಟ್‌ವೇರ್, ಹಾಕುವ ಕೆಲಸ. ಒಂದು ಆಗದಿದ್ದರೆ ಇನ್ನೊಂದು, ಅದರ ಮೇಲೆ ಮತ್ತೊಂದು. ಯಾವುದು ಯಾವುದಕ್ಕೆ ಅಡ್ಡ ಬರುತ್ತಿದೆ ಅಂತಲೇ ತಿಳಿಯದೆ ಕೊನೆಗೆ ಇಡೀ ಸಿಸ್ಟಮ್ ಫಾರ್ಮ್ಯಾಟ್. ಇದನ್ನು ನೋಡಿ ನೋಡಿ ಸಾಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಲೆಕ್ಕಕ್ಕೆ ಇಟ್ಟುಕೊಂಡದ್ದು 2008ರ ಉಬುಂಟು 8.04. ಆದೇಶಗಳ ಹೆಸರನ್ನು ಕನ್ನಡದಲ್ಲಿ ಕೊಟ್ಟಿದ್ದೇನೆ, ಟರ್ಮಿನಲ್ ಎಂಬ ಆದೇಶ ಹೊಡೆಯುವ ಕಿಟಕಿಯಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಹೊಡೆಯಿರಿ.

ಮೊದಲು ಲೈನ್ ಪರೀಕ್ಷೆ. ರಿಸೀವರ್ ಎತ್ತಿ, ಯಾವುದಾದರೂ ಒಂದು ಅಂಕಿ ಒತ್ತಿ. ಡಯಲ್ ಟೋನ್ ನಿಂತ ಮೇಲೆ ಕಿವಿಗೊಟ್ಟು ಕೇಳಿ. ಕರಕರ ಸದ್ದಿದ್ದರೆ ಲೈನ್‌ಮ್ಯಾನ್‌ಗೆ ಹೇಳಿ. ಕಂಗಿನ (ಅಡಿಕೆ ಮರದ) ಸೋಗೆ ಬಿದ್ದು ಎಳೆದುಹೋದ ವಯರು, ಮಳೆನೀರು ಹೊಕ್ಕ ಜಾಯಿಂಟ್ ಇದ್ದಲ್ಲಿ ಯಾವ ಡ್ರೈವರ್ ಹಾಕಿದರೂ ಅಷ್ಟೇ. ಆಗಿನ ಲ್ಯಾಪ್‌ಟಾಪಿನಲ್ಲಿ ಎರಡು ಪೋರ್ಟ್ ಇರುತ್ತಿದ್ದವು. ಅಗಲದ್ದು ನೆಟ್‌ವರ್ಕಿನದು, ಸಣ್ಣದು ಫೋನಿನದು. ಫೋನಿನ ವಯರು ಅಗಲದ್ದಕ್ಕೂ ಹೋಗಿ ಕೂರುತ್ತದೆ, ಅದರಲ್ಲಿ ಚುಚ್ಚಬೇಡಿ. ರಿಂಗ್ ಬರುವಾಗಿನ ವೋಲ್ಟೇಜು ಆ ಪೋರ್ಟಿಗೆ ಒಳ್ಳೆಯದಲ್ಲ. ಮನೆಯಲ್ಲಿರುವುದು ತಂತಿಯಿಲ್ಲದ ಡಬ್ಲ್ಯೂಎಲ್‌ಎಲ್ ಫೋನ್ ಆದರೆ ಈ ಲೇಖನ ನಿಮಗಲ್ಲ.

ಇನ್ನು ಚಿಪ್. ಎಲ್ಲರೂ ಎಡವುವುದು ಇಲ್ಲಿಯೇ.

ಹಿಂದೆ ಮೇಜಿನ ಮೇಲೆ ಇಡುತ್ತಿದ್ದ ಮೋಡೆಮ್ ಪೆಟ್ಟಿಗೆ ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುತ್ತಿತ್ತು. ಲ್ಯಾಪ್‌ಟಾಪಿನ ಒಳಗೆ ಇರುವುದು ಹೆಚ್ಚಾಗಿ ಸಾಫ್ಟ್‌ಮೋಡೆಮ್. ಫೋನ್ ಲೈನಿಗೆ ಸದ್ದು ಬಿಡುವುದು, ಅಲ್ಲಿಂದ ಬಂದ ಸದ್ದನ್ನು ಒಳಗೆ ತೆಗೆದುಕೊಳ್ಳುವುದು, ಅಷ್ಟೇ ಅದರ ಕೆಲಸ. ಆ ಸದ್ದಿನಿಂದ ಅಕ್ಷರ ಬಿಡಿಸುವ ದುಡಿಮೆಯೆಲ್ಲ ನಿಮ್ಮ ಪ್ರೊಸೆಸರಿನದು, ಅದನ್ನು ಮಾಡಿಸುವುದು ಡ್ರೈವರ್. ಹಾಗಾಗಿ ತಪ್ಪು ಡ್ರೈವರ್ ಹಾಕಿದರೆ ಅರ್ಧಂಬರ್ಧ ಕೂಡ ನಡೆಯುವುದಿಲ್ಲ. ಹೆಚ್ಚಿನ ಕಂಪನಿಗಳು ವಿಂಡೋಸ್‌ಗೆ ಮಾತ್ರ ಡ್ರೈವರ್ ಬರೆದು ಕೈ ತೊಳೆದುಕೊಂಡದ್ದರಿಂದ ಇದಕ್ಕೆ ವಿನ್‌ಮೋಡೆಮ್ ಎಂಬ ಹೆಸರೂ ಬಂತು.

ಟರ್ಮಿನಲ್ ತೆರೆದು 'ಎಲ್‌ಎಸ್‌ಪಿಸಿಐ' ಹೊಡೆಯಿರಿ. ಒಂದು ಜಾಗ ಬಿಟ್ಟು ಅಡ್ಡಗೆರೆ, ಅದಕ್ಕೆ ಅಂಟಿಸಿ ಎರಡು 'ಎನ್' ಸೇರಿಸಿದರೆ ಪ್ರತಿ ಸಾಲಿನಲ್ಲೂ ತಯಾರಕರ ಸಂಖ್ಯೆ ಕಾಣುತ್ತದೆ. 8086 ಅಂದರೆ ಇಂಟೆಲ್. 14ಎಫ್1 ಕಾನೆಕ್ಸೆಂಟ್. 11ಸಿ1 ಲೂಸೆಂಟ್ ಅಥವಾ ಅಗೇರೆ. ಮೋಡೆಮ್ ಸಾಲಿನಲ್ಲಿ 14ಎಫ್1 ಇಲ್ಲವೇ 11ಸಿ1 ಇದ್ದರೆ ನಿಮ್ಮ ಹುಡುಕಾಟ ಮುಗಿಯಿತು. ಇಂಟೆಲ್ ಅಂತ ಇದ್ದರೆ ಮುಗಿಯಲಿಲ್ಲ, ಶುರುವಾಯಿತು.

ಯಾಕೆಂದರೆ ಅಲ್ಲಿ ಕಾಣುವ 'ಇಂಟೆಲ್ ಎಸಿ97 ಮೋಡೆಮ್ ಕಂಟ್ರೋಲರ್' ಎಂಬುದು ಮೋಡೆಮ್ ಅಲ್ಲವೇ ಅಲ್ಲ. ಅದು ಬರೀ ದಾರಿ. ಆ ದಾರಿಯ ತುದಿಯಲ್ಲಿ ಕೋಡೆಕ್ ಎಂಬ ಪುಟ್ಟ ಚಿಪ್ ಬೇರೆಯೇ ಇದೆ, ಅದನ್ನು ಮಾಡಿದ್ದು ಬೇರೆಯೇ ಕಂಪನಿ. ಇಂಟೆಲ್ ಹೆಸರು ನೋಡಿ ಇಂಟೆಲ್ ಮೋಡೆಮ್ ಡ್ರೈವರ್ ಇಳಿಸಿಕೊಂಡು ಪೇಚಾಡಿದವರು ಬೇಕಾದಷ್ಟು ಮಂದಿ ಇದ್ದಾರೆ. ಆ ಡ್ರೈವರ್ ಇರುವುದು 536, 537 ಎಂಬ ಬೇರೆ ಚಿಪ್ಪುಗಳಿಗೆ, ಮಾರಾಯ್ರೆ!

ಕೋಡೆಕ್ ಯಾವುದೆಂದು ಕೇಳಬೇಕಾದ್ದು ಸೌಂಡ್ ವ್ಯವಸ್ಥೆಯನ್ನು, ಅಂದರೆ ಆಲ್ಸಾವನ್ನು. ಮೋಡೆಮ್ ಕೂಡ ಅದಕ್ಕೆ ಒಂದು ಸೌಂಡ್ ಕಾರ್ಡ್ ಇದ್ದ ಹಾಗೆಯೇ. 'ಪ್ರಾಕ್' ಫೋಲ್ಡರಿನೊಳಗೆ 'ಅಸೌಂಡ್', ಅದರೊಳಗೆ 'ಕಾರ್ಡ್0', 'ಕಾರ್ಡ್1' ಹೀಗೆ ಇರುತ್ತವೆ. ಮೇಲೆ ಹೇಳಿದ ದಾರಿಯಲ್ಲಿ ಎರಡು ಬಗೆ, ಹಳೆಯದು ಎಸಿ97, ಹೊಸದು ಎಚ್‌ಡಿಎ. ಹಳೆಯ ಎಸಿ97 ಯಂತ್ರದಲ್ಲಿ 'ಕೋಡೆಕ್97' ಎಂದು ಶುರುವಾಗುವ ಫೋಲ್ಡರ್ ಹುಡುಕಿ, ಅದರೊಳಗೆ 'ಎಂಸಿ97' ಎಂದು ಶುರುವಾಗುವ ಫೈಲ್ ತೆರೆಯಿರಿ. ಹೊಸ ಎಚ್‌ಡಿಎ ಯಂತ್ರದಲ್ಲಿ 'ಕೋಡೆಕ್#1' ಎಂಬಂಥ ಫೈಲ್ ಇರುತ್ತದೆ. ಅದರ ಮೊದಲ ಸಾಲೇ ಉತ್ತರ. ಸಿಲಿಕಾನ್ ಲ್ಯಾಬೊರೇಟರಿ, ಎಸ್‌ಐ3036 ಅಥವಾ ಎಸ್‌ಐ3054 ಎಂದಿದ್ದರೆ ನೀವು ಅದೃಷ್ಟವಂತರು, ಸ್ಮಾರ್ಟ್‌ಲಿಂಕ್ ಡ್ರೈವರ್ ಸಾಕು. ಕಾನೆಕ್ಸೆಂಟ್ ಅಥವಾ 14ಎಫ್1 ಎಂದಿದ್ದರೆ ಲಿನಕ್ಸೆಂಟ್ ಕಂಪನಿಯ ಎಚ್‌ಎಸ್‌ಎಫ್ ಡ್ರೈವರ್ ಬೇಕು. ಅದರ ಪುಕ್ಕಟೆ ಆವೃತ್ತಿ 14.4 ಕೆಬಿಪಿಎಸ್ (ಸೆಕೆಂಡಿಗೆ ಕಿಲೋಬಿಟ್) ದಾಟುತ್ತಿರಲಿಲ್ಲ, ಪೂರ್ತಿ ವೇಗಕ್ಕೆ ದುಡ್ಡು ಕೊಡಬೇಕಿತ್ತು. ನನ್ನ ಕೇಳಿದರೆ, ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಹೊರಗಿಡುವ ಒಳ್ಳೆಯ ಮೋಡೆಮ್ ತೆಗೆದುಕೊಳ್ಳಿ. ಹಳೆಯ ಲೂಸೆಂಟ್ ಪಿಸಿಐ ಚಿಪ್ಪಿಗೆ ಮಾರ್ಷಿಯನ್ ಎಂಬ ಡ್ರೈವರ್ ಇದೆ.

ಇಷ್ಟೆಲ್ಲ ಫೋಲ್ಡರ್ ಜಾಲಾಡಲು ಬೇಸರವಾದರೆ 'ಸ್ಕ್ಯಾನ್‌ಮೋಡೆಮ್' ಎಂಬ ಸ್ಕ್ರಿಪ್ಟ್ ಇದೆ (ಈ ಹೆಸರಿನಲ್ಲಿ ಮೋಡೆಮ್‌ನ ಮೊದಲ 'ಎಂ' ಮಾತ್ರ ದೊಡ್ಡಕ್ಷರ). ಓಡಿಸಿದರೆ 'ಮೋಡೆಮ್' ಎಂಬ ಫೋಲ್ಡರ್ ಮಾಡಿ, ಅದರಲ್ಲಿ 'ಮೋಡೆಮ್‌ಡೇಟಾ' ಎಂಬ ಫೈಲಿನಲ್ಲಿ ಚಿಪ್ಪಿನ ಜಾತಕ ಬರೆದಿಡುತ್ತದೆ. ಉದ್ದುದ್ದ ಬರೆಯುತ್ತದೆ, ಆದರೂ ತಾಳ್ಮೆಯಿಂದ ಓದಿ.

ಡ್ರೈವರ್ ತರುವುದು ಸೈಬರ್ ಕೆಫೆಯಿಂದ ತಾನೆ? ಹೊರಡುವ ಮೊದಲು 'ಯುನೇಮ್', ಜಾಗ, ಅಡ್ಡಗೆರೆ ಆರ್ ಹೊಡೆದು ಬಂದ ಕರ್ನಲ್ (ಲಿನಕ್ಸ್‌ನ ಒಳಗಿನ ಮುಖ್ಯ ಭಾಗ) ಸಂಖ್ಯೆಯನ್ನು ಚೀಟಿಯಲ್ಲಿ ಪೂರ್ತಿ ಬರೆದುಕೊಳ್ಳಿ. 8.04ರಲ್ಲಿ ಅದು 2.6.24 ಎಂದು ಶುರುವಾಗುತ್ತದೆ, ಬಾಲದ ಅಂಕಿಗಳೂ ಬೇಕು. ಸ್ಮಾರ್ಟ್‌ಲಿಂಕ್‌ನವರು ಪೆನ್‌ಡ್ರೈವಿಗೆ ಹಾಕಬೇಕಾದ್ದು ಅದರ ಡ್ರೈವರ್ ಆದ ಎಸ್‌ಎಲ್ ಮೋಡೆಮ್ ಡೀಮನ್ ಮತ್ತು ನಂಬರ್ ಡಯಲ್ ಮಾಡುವ ಡಬ್ಲ್ಯೂವಿಡಯಲ್. ಡಬ್ಲ್ಯೂವಿಡಯಲ್ ಒಂದನ್ನೇ ತಂದವರು ಇನ್ನೊಮ್ಮೆ ಬಸ್ಸು ಹತ್ತಬೇಕಾಗುತ್ತದೆ. ಅದಕ್ಕೆ ವಿಸ್ಟ್ರೀಮ್ಸ್, ಯುನಿಕಾನ್ಫ್, ಎಕ್ಸ್‌ಪಿಎಲ್‌ಸಿ ಎಂಬ ಲೈಬ್ರರಿಗಳೂ ಬೇಕು, ಎಲ್ಲವನ್ನೂ ಒಟ್ಟಿಗೆ ಇಳಿಸಿ. ಸ್ಮಾರ್ಟ್‌ಲಿಂಕ್‌ನ ತಿರುಳು 32 ಬಿಟ್‌ನದು, ಅದರ ಮೂಲ ಸಂಕೇತ (ಸೋರ್ಸ್ ಕೋಡ್) ಕಂಪನಿ ಕೊಟ್ಟಿಲ್ಲ. ಆದ್ದರಿಂದ 64 ಬಿಟ್ ಉಬುಂಟು ಹಾಕಿದ್ದರೆ ತಲೆನೋವು ಜಾಸ್ತಿ. 512 ಎಂಬಿ ರ್ಯಾಮಿನ ಲ್ಯಾಪ್‌ಟಾಪಿಗೆ 64 ಬಿಟ್ ಯಾಕೆ ಅಂತ ನನಗಂತೂ ಅರ್ಥವಾಗಿಲ್ಲ.

ಪ್ಯಾಕೇಜುಗಳನ್ನು ಎರಡು ಸಲ ಕ್ಲಿಕ್ ಮಾಡಿ ಹಾಕಿಕೊಳ್ಳಿ, ಲೈಬ್ರರಿಗಳು ಮೊದಲು.

ಈಗ 'ಎಪ್ಲೇ', ಜಾಗ, ಅಡ್ಡಗೆರೆ ಎಲ್ ಹೊಡೆದು ಮೋಡೆಮ್ ಎಷ್ಟನೆಯ ಕಾರ್ಡ್, ಎಷ್ಟನೆಯ ಸಾಧನ ಎಂದು ನೋಡಿ. ಎಚ್‌ಡಿಎ ಯಂತ್ರಗಳಲ್ಲಿ ಸಾಮಾನ್ಯವಾಗಿ ಕಾರ್ಡ್ 0, ಸಾಧನ 6. ಆಮೇಲೆ ರೂಟ್ (ಯಂತ್ರದ ಯಜಮಾನನ) ಅಧಿಕಾರದಲ್ಲಿ 'ಎಸ್‌ಎಲ್‌ಮೋಡೆಮ್‌ಡಿ' ಓಡಿಸಿ. ಅದಕ್ಕೆ ಎರಡು ವಿಷಯ ಹೇಳಬೇಕು: 'ಕಂಟ್ರಿ' ಇಂಡಿಯಾ ಎಂದು, 'ಆಲ್ಸಾ' ಬಳಸು ಎಂದು. ಆಲ್ಸಾದ ಮುಂದೆ ಎಚ್‌ಡಬ್ಲ್ಯೂ, ವಿವರಣಚಿಹ್ನೆ (ಕೋಲನ್), ಕಾರ್ಡ್ ಸಂಖ್ಯೆ, ಕಾಮಾ, ಸಾಧನದ ಸಂಖ್ಯೆ. ಸರಿಹೋದರೆ 'ಟಿಟಿವೈಎಸ್‌ಎಲ್0 ಅನ್ನು ಮೋಡೆಮ್ ಆಗಿ ಬಳಸಿ' ಎಂಬ ಅರ್ಥದ ಸಾಲು ಬಂದು ಕರ್ಸರ್ ಅಲ್ಲೇ ನಿಲ್ಲುತ್ತದೆ. ಹ್ಯಾಂಗ್ ಆಯಿತೆಂದು ಕಿಟಕಿ ಮುಚ್ಚಬೇಡಿ. ಆ ಕಿಟಕಿ ತೆರೆದಿರುವವರೆಗೆ ಮಾತ್ರ ಮೋಡೆಮ್ ಇದೆ.

ಇನ್ನೊಂದು ಟರ್ಮಿನಲ್ ತೆರೆಯಿರಿ. 'ಇಟಿಸಿ' ಫೋಲ್ಡರಿನ 'ಡಬ್ಲ್ಯೂವಿಡಯಲ್ ಕಾನ್ಫ್' ಫೈಲಿನಲ್ಲಿ ಮೋಡೆಮ್ ಹೆಸರು, ಡಯಲ್ ಮಾಡುವ ನಂಬರ್, ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ. ಇಲ್ಲಿ ಮೂರು ಸಾಲು ತಪ್ಪಿಸಲೇಬಾರದು. 'ಕ್ಯಾರಿಯರ್ ಚೆಕ್' ಮುಂದೆ ನೋ, ಯಾಕೆಂದರೆ ಈ ಸಾಫ್ಟ್‌ಮೋಡೆಮ್ ಕ್ಯಾರಿಯರ್ ಸಂಕೇತವನ್ನು, ಅಂದರೆ ಲೈನ್ ಜೋಡಣೆಯಾಗಿದೆ ಎಂಬ ಗುರುತನ್ನು, ತೋರಿಸುವುದಿಲ್ಲ, ಚೆಕ್ ಮಾಡಿದರೆ ಸುಳ್ಳೇ ಸೋಲುತ್ತದೆ. 'ಸ್ಟುಪಿಡ್ ಮೋಡ್' ಮುಂದೆ ಯೆಸ್. ಹೆಸರು ನೋಡಿ ಹೆದರಬೇಡಿ, ಲೈನ್ ಸಿಕ್ಕ ಕೂಡಲೇ ಪಿಪಿಪಿ (ಫೋನ್ ಲೈನಿನ ಮೇಲೆ ಇಂಟರ್ನೆಟ್ ಸಂಪರ್ಕ ಕಟ್ಟುವ ಕ್ರಮ) ಶುರುಮಾಡು ಎಂದಷ್ಟೇ ಅದರ ಅರ್ಥ. ಮೂರನೆಯದು 'ಇನಿಟ್3' ಎಂಬಲ್ಲಿ 'ಎಟಿಎಕ್ಸ್3'. ಇದು ಡಯಲ್ ಟೋನ್‌ಗೆ ಕಾಯದೆ ನಂಬರ್ ಒತ್ತಿಸುತ್ತದೆ. ಅಮೆರಿಕದ ಡಯಲ್ ಟೋನ್ 350 ಮತ್ತು 440 ಹರ್ಟ್ಸ್‌ನ ಜೋಡಿ ಸ್ವರ. ನಮ್ಮದು 400 ಹರ್ಟ್ಸ್, ಅದು 25 ಹರ್ಟ್ಸ್‌ನಲ್ಲಿ ನಡುಗುತ್ತದೆ. ನಿಮ್ಮ ಕಿವಿಗೆ ಚಂದ ಕೇಳುತ್ತಿದ್ದರೂ ಮೋಡೆಮ್ 'ನೋ ಡಯಲ್‌ಟೋನ್' ಎಂದು ಹಟ ಹಿಡಿಯುವುದು ಇದಕ್ಕೇ.

'ಡಬ್ಲ್ಯೂವಿಡಯಲ್' ಹೊಡೆದು ಎಂಟರ್ ಒತ್ತಿ. ಕೀಂಯ್ ಕುಂಯ್ ಆಗಿ ಕನೆಕ್ಟ್ ಎಂದು ಬರುತ್ತದೆ. ಅಷ್ಟರಲ್ಲಿ ಒಳಕೋಣೆಯ ಎಕ್ಸ್‌ಟೆನ್ಶನ್ ಫೋನನ್ನು ಯಾರಾದರೂ ಎತ್ತಿದರೆ ಕತೆ ಮುಗಿಯಿತು. ಕಾಲ್ ವೇಟಿಂಗ್ ಸೌಲಭ್ಯ ಇದ್ದರೆ ತೆಗೆಸಿಬಿಡಿ, ಆ ಬೀಪ್ ಕೂಡ ಲೈನ್ ಕಡಿಯುತ್ತದೆ.

ಕನೆಕ್ಟ್ ಆಗಿದೆ, ಪುಟ ಮಾತ್ರ ತೆರೆಯುತ್ತಿಲ್ಲವೇ? ನೆಟ್‌ವರ್ಕ್ ಕೇಬಲ್ಲಾಗಲಿ ವೈಫೈಯಾಗಲಿ ಹಳೆಯ ದಾರಿ ಹಿಡಿದು ಕೂತಿರುತ್ತದೆ. ಹೀಗೆ ಮೊದಲೇ ಇರುವ ದಾರಿಯನ್ನು (ಡೀಫಾಲ್ಟ್ ರೂಟ್) ಪಿಪಿಪಿ ತಾನಾಗಿ ಬದಲಿಸುವುದಿಲ್ಲ. ಅವನ್ನು ಬಂದ್ ಮಾಡಿ ಮತ್ತೆ ಡಯಲ್ ಮಾಡಿ.

ಅಂಗಡಿಯಲ್ಲಿ '56ಕೆ' ಎಂದು ಬರೆದ ಅಗ್ಗದ ಯುಎಸ್‌ಬಿ ಮೋಡೆಮ್ ತೋರಿಸಿ, ಇದು ಎಲ್ಲದಕ್ಕೂ ಆಗುತ್ತದೆ ಎನ್ನುತ್ತಿದ್ದರು. ಅದರಲ್ಲೂ ಎಷ್ಟೋ ಸಾಫ್ಟ್‌ಮೋಡೆಮ್‌ಗಳೇ. ಕೊಳ್ಳುವ ಮೊದಲು ಲ್ಯಾಪ್‌ಟಾಪ್ ಒಯ್ದು ಚುಚ್ಚಿ ನೋಡಿ. 'ಟಿಟಿವೈಎಸಿಎಂ0' ಎಂಬ ಸಾಧನ ತಾನಾಗಿ ಕಾಣಿಸಿಕೊಂಡರೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಅಲ್ಲೇ ಬಿಟ್ಟು ಬನ್ನಿ.

ತುಲಾ ತಿಂಗಳ ಸಂಜೆ ಮಳೆಯ ಸಿಡಿಲು ಗೊತ್ತಲ್ವಾ? ಅದು ಮನೆಗೆ ಬರುವುದು ಕರೆಂಟಿನ ತಂತಿಯಲ್ಲಿ ಮಾತ್ರ ಅಲ್ಲ. ದೂರದಲ್ಲಿ ಗುಡುಗು ಕೇಳಿದ ಕೂಡಲೇ ಫೋನಿನ ವಯರನ್ನು ಲ್ಯಾಪ್‌ಟಾಪಿನಿಂದ ತೆಗೆದುಬಿಡಿ. ಒಳಗಿನ ಮೋಡೆಮ್ ಸುಟ್ಟರೆ ಮದರ್‌ಬೋರ್ಡಿಗೂ ಕುತ್ತು.

ಎಲ್ಲ ಸರಿಯಾದ ಮೇಲೆ ಅಪ್‌ಡೇಟ್ ಮ್ಯಾನೇಜರ್ ತಾನಾಗಿ ಇಳಿಸಿಕೊಳ್ಳದಂತೆ ನಿಲ್ಲಿಸಿ. 56 ಕೆಬಿಪಿಎಸ್ ಎಂದರೆ ಸೆಕೆಂಡಿಗೆ ಹೆಚ್ಚೆಂದರೆ 7 ಕಿಲೋಬೈಟ್, ತೋಟದ ಲೈನಿನಲ್ಲಿ ಅಷ್ಟೂ ಸಿಗುವುದಿಲ್ಲ. ಎಚ್‌ಎಸ್‌ಎಫ್, ಮಾರ್ಷಿಯನ್ ಹಾಕಿಕೊಂಡವರಂತೂ ಕರ್ನಲ್ ಅಪ್‌ಡೇಟನ್ನು ಮುಟ್ಟಲೇಬೇಡಿ. ಕರ್ನಲ್ ಬದಲಾದರೆ ಆ ಡ್ರೈವರನ್ನು ಮತ್ತೆ ಕಂಪೈಲ್ ಮಾಡಬೇಕು, ಅಂದರೆ ಹೊಸ ಕರ್ನಲಿಗೆ ಹೊಂದುವಂತೆ ಪುನಃ ಕಟ್ಟಬೇಕು. ಅದಕ್ಕೆ ಬೇಕಾದ ಹೊಸ ಕರ್ನಲಿನ ಹೆಡರ್ ಎಂಬ ಫೈಲುಗಳನ್ನು ತರಲು ಪುನಃ ಚೀಟಿ ಬರೆದುಕೊಂಡು ಪೇಟೆಗೆ ಹೋಗಬೇಕು.