ಮನಿಲಾದಲ್ಲಿ ಕಡಿಮೆ ಬಾಡಿಗೆಯ ರೂಮು: ಒಬ್ಬ ಲಾಡ್ಜ್ ಮ್ಯಾನೇಜರ್ ಹೇಳುವುದು

ಲಾಡ್ಜ್ ಕೌಂಟರಿನಲ್ಲಿ ಕೂತವರು ಯಾರೂ ಒಳ್ಳೆ ರೂಮನ್ನು ಮೊದಲು ತೋರಿಸುವುದಿಲ್ಲ. ದಾವಣಗೆರೆಯ ಬಸ್ ಸ್ಟ್ಯಾಂಡ್ ಹತ್ತಿರದ ಲಾಡ್ಜಿನಲ್ಲಿ ಮ್ಯಾನೇಜರ್ ಆಗಿಯೇ ಕೂದಲು ಬೆಳ್ಳಗಾದವನು ನಾನು, ಹಾಗಾಗಿ ಈ ಗುಟ್ಟು ಬಿಟ್ಟುಕೊಡುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ. ಲಿಫ್ಟಿನ ಪಕ್ಕದ್ದು, ಜನರೇಟರ್ ಮೇಲಿನದು, ಬೆಡ್‌ಶೀಟ್ ಒಗೆಯುವ ಕೋಣೆಗೆ ಅಂಟಿಕೊಂಡದ್ದು, ಇವು ಮೊದಲು ಹೋಗಲಿ ಅನ್ನುವುದು ಕಸುಬಿನ ಲೆಕ್ಕ. ಮಗಳು ಮನಿಲಾ ಕಡೆ ಡಾಕ್ಟರ್ ಓದಲು ಸೇರಿದ ಮೇಲೆ ನಾನು ಕೌಂಟರಿನ ಆಚೆ ಬದಿ ನಿಲ್ಲುವವನಾದೆ. ಅಲ್ಲಿ ಮಕ್ಕಳನ್ನು ಓದಿಸುತ್ತಿರುವ ನಮ್ಮ ಕಡೆಯವರು ಫೋನು ಮಾಡಿ "ಎಲ್ಲಿ ಉಳಿಯೋದು ಸಾರ್, ಎಷ್ಟಾಗುತ್ತೆ" ಅಂತ ಕೇಳುತ್ತಲೇ ಇರುತ್ತಾರೆ. ಅವರಿಗೆ ಹೇಳುವುದನ್ನೇ ಬರೆಯುತ್ತಿದ್ದೇನೆ.

ಹೊರಡುವ ಮುಂಚಿನ ಕೆಲಸ ಮೊದಲು. 2025ರ ಜೂನ್‌ನಿಂದ ಭಾರತದವರು ವೀಸಾ ಇಲ್ಲದೆ 14 ದಿನ ಫಿಲಿಪೀನ್ಸ್‌ನಲ್ಲಿ ಇರಬಹುದು. ಆ 14 ದಿನವನ್ನು ಮುಂದಕ್ಕೆ ಎಳೆಯಲು ಆಗುವುದಿಲ್ಲ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಆಯುಷ್ಯ ಇರಬೇಕು, ವಾಪಸ್ ಟಿಕೆಟ್ ಇರಬೇಕು, ಖರ್ಚಿಗೆ ಹಣ ಇದೆ ಅಂತ ತೋರಿಸಬೇಕು, ಉಳಿಯುವ ಹೋಟೆಲಿನ ಬುಕಿಂಗ್ ಕೈಯಲ್ಲಿರಬೇಕು. ಹೋದ ಮೇಲೆ ನೋಡೋಣ ಅನ್ನುವ ನಮ್ಮ ರೂಢಿ ಇಲ್ಲಿ ನಡೆಯುವುದಿಲ್ಲ. ಬುಕಿಂಗನ್ನು ಪ್ರಿಂಟ್ ಹಾಕಿಸಿ ಇಟ್ಟುಕೊಳ್ಳಿ, ರದ್ದು ಮಾಡಲು ಅವಕಾಶ ಇರುವ ದರವನ್ನೇ ಆರಿಸಿ. ವಿಮಾನ ಇಳಿಯುವುದಕ್ಕೆ 72 ಗಂಟೆ ಮುಂಚಿನಿಂದ ಇ-ಟ್ರಾವೆಲ್ ಅನ್ನುವ ಫಾರಂ ತುಂಬಬಹುದು. ಅದು ಪೂರ್ತಿ ಉಚಿತ. ದುಡ್ಡು ಕೇಳುವ ವೆಬ್‌ಸೈಟು ಕಂಡರೆ ಅದು ಸರ್ಕಾರದ್ದಲ್ಲ.

ಈಗ ಜಾಗ. ಮನಿಲಾ ಅಂದರೆ ಒಂದು ಊರಲ್ಲ, ಹತ್ತಾರು ಊರು ಒತ್ತಿಕೊಂಡು ಬೆಳೆದ ಗುಂಪು. ಮಕಾತಿಯಲ್ಲಿ ಆಫೀಸು, ಎತ್ತರದ ಕಟ್ಟಡ, ಬಾಡಿಗೆಯೂ ಎತ್ತರ. ಕಡಿಮೆ ಖರ್ಚಿನವರಿಗೆ ಹಳೇ ಮನಿಲಾದ ಎರ್ಮಿತಾ, ಮಲಾತೆ ಕಡೆಯೇ ಸರಿ. ಅಲ್ಲಿ ಸಾವಿರದಿಂದ ಎರಡು ಸಾವಿರ ಪೆಸೊ ಒಳಗೆ ಮಲಗಲು ಯೋಗ್ಯವಾದ ರೂಮು ಸಿಗುತ್ತದೆ. ಒಂದು ಪೆಸೊಗೆ ನಮ್ಮ ಒಂದೂವರೆ ರೂಪಾಯಿ ಆಸುಪಾಸು ಅಂತ ಲೆಕ್ಕ ಹಾಕಿಕೊಳ್ಳಿ. ನನಗೆ ಬೇಕಾದ್ದು ಎಲ್‌ಆರ್‌ಟಿ-1 ರೈಲಿನ ಯುನೈಟೆಡ್ ನೇಷನ್ಸ್ ಅಥವಾ ಪೆದ್ರೊ ಹಿಲ್ ಸ್ಟೇಷನ್ನಿಂದ ಹತ್ತು ನಿಮಿಷದ ನಡಿಗೆಯೊಳಗಿನ ಹೋಟೆಲು. ಹತ್ತಿರವೇ ರಾಬಿನ್ಸನ್ಸ್ ಮಾಲ್ ಇದೆ, ಟಾಫ್ಟ್ ಅವೆನ್ಯೂ ಮೇಲೆ ದೊಡ್ಡ ಸರ್ಕಾರಿ ಆಸ್ಪತ್ರೆ ಇದೆ, ಬೆಳಿಗ್ಗೆ ವಾಕಿಂಗಿಗೆ ರಿಸಾಲ್ ಪಾರ್ಕ್ ಇದೆ. ಮಗಳ ಕಾಲೇಜು ದಕ್ಷಿಣಕ್ಕೆ, ಲಾಸ್ ಪಿನ್ಯಾಸ್‌ನಲ್ಲಿ. 2024ರ ನವೆಂಬರಿನಲ್ಲಿ ಈ ರೈಲನ್ನು ಡಾಕ್ಟರ್ ಸಾಂತೋಸ್ ಸ್ಟೇಷನ್ ತನಕ ಉದ್ದ ಮಾಡಿದ ಮೇಲೆ ನನ್ನ ಅರ್ಧ ತಲೆನೋವು ಹೋಯಿತು. ಅಲ್ಲಿಂದ ಮುಂದಕ್ಕೆ ಜೀಪ್ನಿ, ಅಂದರೆ ಹತ್ತಾರು ಜನ ಒಟ್ಟಿಗೆ ಕೂತು ಹೋಗುವ ಉದ್ದನೆಯ ಜೀಪಿನಂಥ ಗಾಡಿ. ಬಾಡಿಗೆ ಮುನ್ನೂರು ಪೆಸೊ ಉಳಿಯಿತು ಅಂತ ರೈಲಿನಿಂದ ದೂರ ಹೋದರೆ ಆ ಮುನ್ನೂರು ಟ್ಯಾಕ್ಸಿಗೇ ಹೋಗುತ್ತದೆ, ಜೊತೆಗೆ ಎರಡು ಗಂಟೆ ಟ್ರಾಫಿಕ್ಕಿನಲ್ಲಿ.

ಈ ಏರಿಯಾಕ್ಕೆ ಇನ್ನೊಂದು ಗುಣ ಇದೆ, ಊಟದ ವಿಷಯಕ್ಕೆ ಬಂದಾಗ ಹೇಳುತ್ತೇನೆ.

ಕೌಂಟರಿನಲ್ಲಿ ಮೊದಲು ಗೋಡೆ ನೋಡಿ. ದರದ ಬೋರ್ಡಿನಲ್ಲಿ 3 ಗಂಟೆ, 12 ಗಂಟೆ, 24 ಗಂಟೆ ಅಂತ ಬರೆದಿದ್ದರೆ ಅದು ಗಂಟೆ ಲೆಕ್ಕದ ಜನ ಬಂದು ಹೋಗುವ ಜಾಗ. ಮನಿಲಾ ನಗರಸಭೆ 1992ರಲ್ಲಿ ಇಂಥ ಗಂಟೆ ಬಾಡಿಗೆಯನ್ನೇ ನಿಷೇಧಿಸಿತ್ತು. 2009ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ನಿಷೇಧವನ್ನು ತೆಗೆದುಹಾಕಿತು. ಇಂಥ ಹೋಟೆಲೆಲ್ಲ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಗಂಟೆಗೊಮ್ಮೆ ಬೆಡ್‌ಶೀಟ್ ಬದಲಾಗುವ ಕಡೆ ಕೆಲವೊಮ್ಮೆ ನಮ್ಮ ಮದುವೆ ಸೀಸನ್ನಿನ ಲಾಡ್ಜಿಗಿಂತ ಚೊಕ್ಕಟ ಇರುತ್ತದೆ. ಆದರೆ ರಾತ್ರಿಯಿಡೀ ಬಾಗಿಲು ಬಡಿಯುವ ಸದ್ದು ಇರುತ್ತದೆ, ಮನೆಯವರನ್ನು ಕರೆದುಕೊಂಡು ಹೋಗುವವರು ಯೋಚನೆ ಮಾಡಿ. ಇನ್ನು ನಿಮ್ಮ ವಿಮಾನ ಇಳಿಯುವುದೇ ನಡುರಾತ್ರಿಗೆ ಅಂದರೆ, "ಇಪ್ಪತ್ನಾಲ್ಕು ಗಂಟೆಯೋ, ನಾಳೆ ಮಧ್ಯಾಹ್ನ ಹನ್ನೆರಡರ ತನಕವೋ" ಅಂತ ದುಡ್ಡು ಕೊಡುವ ಮೊದಲೇ ಕೇಳಿ. ಎರಡಕ್ಕೂ ಅರ್ಧ ದಿನದ ವ್ಯತ್ಯಾಸ. ತೆರಿಗೆ ಸೇರಿದೆಯೇ ಅಂತಲೂ ಕೇಳಿ, ಅಲ್ಲಿ ವ್ಯಾಟ್ ಶೇಕಡಾ 12. ಕೀಲಿ, ಟವೆಲು, ಟಿವಿ ರಿಮೋಟಿಗೆ ಡಿಪಾಸಿಟ್ ಕೇಳುತ್ತಾರೆ. ರಸೀದಿ ಇಸಿದುಕೊಂಡು ಫೋನಿನಲ್ಲಿ ಒಂದು ಫೋಟೋ ಹೊಡೆದಿಟ್ಟುಕೊಳ್ಳಿ. ಪಾಸ್‌ಪೋರ್ಟ್ ತೋರಿಸಬೇಕು, ಬಿಟ್ಟು ಬರಬಾರದು. ಝೆರಾಕ್ಸ್ ಕೊಟ್ಟರೆ ಸಾಕು.

ಕೌಂಟರಿನ ಪಕ್ಕ ಹಿರಿಯ ನಾಗರಿಕರಿಗೆ ಶೇಕಡಾ 20 ರಿಯಾಯಿತಿ ಅಂತ ಬೋರ್ಡ್ ಕಂಡು ನಮ್ಮವರು ಖುಷಿಯಿಂದ ಆಧಾರ್ ಕಾರ್ಡ್ ತೆಗೆಯುತ್ತಾರೆ. ಅದು ಅವರ ದೇಶದ ಪ್ರಜೆಗಳಿಗೆ ಮಾತ್ರ. ನಮ್ಮ ನರೆಗೂದಲಿಗೆ ಅಲ್ಲಿ "ಸರ್" ಅನ್ನುವ ಮರ್ಯಾದೆ ಸಿಗುತ್ತದೆ, ರಿಯಾಯಿತಿ ಸಿಗುವುದಿಲ್ಲ.

ಆಮೇಲೆ ರೂಮು. ದುಡ್ಡು ಎಣಿಸುವ ಮೊದಲು "ನೋಡಬಹುದಾ" ಅನ್ನಿ. ನೋಡಿದ ಮೇಲೆ ಬೈಯದೆ, ಮುಖ ಸಿಂಡರಿಸದೆ, "ಇನ್ನೊಂದು ತೋರಿಸಿ" ಅನ್ನಿ. ಅಲ್ಲಿನ ಜನ ಬಹಳ ಮೆತ್ತಗೆ ಮಾತಾಡುವವರು. ದನಿ ಏರಿಸಿದಿರೋ, ಅವರು ನಗುತ್ತಲೇ ಇರುತ್ತಾರೆ, ಕೆಲಸ ಮಾತ್ರ ಆಗುವುದಿಲ್ಲ. ಗಂಡಸರಿಗೆ "ಕುಯಾ", ಹೆಂಗಸರಿಗೆ "ಆತೆ" ಅಂದರೆ ಅಣ್ಣ, ಅಕ್ಕ ಅಂದಂತೆ, ಕೊನೆಗೊಂದು "ಪೊ" ಸೇರಿಸಿದರೆ ಮರ್ಯಾದೆ. ಎರಡನೇ ರೂಮು ಬಹುಮಟ್ಟಿಗೆ ಮೊದಲನೆಯದಕ್ಕಿಂತ ಚೆನ್ನಾಗಿರುತ್ತದೆ.

ಒಳಗೆ ಹೋದ ಕೂಡಲೇ ಹಾಸಿಗೆಯ ತಲೆಕಡೆಯ ಮೂಲೆ ಎತ್ತಿ, ಹೊಲಿಗೆಯ ಸಾಲು ನೋಡಿ. ಕರಿ ಚುಕ್ಕೆಗಳಿದ್ದರೆ ತಿಗಣೆ, ಆ ರೂಮು ಬೇಡ. ಏಸಿ ಹಾಕಿ ಹತ್ತು ನಿಮಿಷ ಬಿಡಿ, ಬೂಷ್ಟಿನ ವಾಸನೆ ಬಂದರೆ ರಾತ್ರಿಯಿಡೀ ಕೆಮ್ಮು ಗ್ಯಾರಂಟಿ. ನಲ್ಲಿ ಬಿಡಿ, ಫ್ಲಶ್ ಒತ್ತಿ, ಚಿಲಕ ಹಾಕಿ ಎಳೆದು ನೋಡಿ. ನನ್ನ ಲಾಡ್ಜಿನಲ್ಲಿ ಹೀಗೆ ನೋಡುವ ಗಿರಾಕಿಗೆ ನಾವು ಸುಮ್ಮನೆ ಒಳ್ಳೆ ರೂಮೇ ಕೊಟ್ಟುಬಿಡುತ್ತಿದ್ದೆವು, ತಂಟೆ ಯಾಕೆ ಅಂತ.

ಕಿಟಕಿಯ ಮಾತು ಬೇರೆ. ಮನಿಲಾದಲ್ಲಿ ಕಿಟಕಿಯೇ ಇಲ್ಲದ ರೂಮುಗಳನ್ನು ಕಡಿಮೆ ದರಕ್ಕೆ ಕೊಡುತ್ತಾರೆ, ಏಸಿ ಇದ್ದರೆ ಸಾಕಲ್ಲ ಅಂತ. ನಾನು ಇನ್ನೂರು ಪೆಸೊ ಹೆಚ್ಚು ಕೊಟ್ಟರೂ ಕಿಟಕಿ ಬಿಡುವುದಿಲ್ಲ. 2001ರ ಆಗಸ್ಟಿನಲ್ಲಿ ಅಲ್ಲಿನ ಕೆಸೊನ್ ಸಿಟಿಯ ಮ್ಯಾನರ್ ಹೋಟೆಲಿಗೆ ಬೆಂಕಿ ಬಿದ್ದು 70ಕ್ಕೂ ಹೆಚ್ಚು ಜನ ತೀರಿಕೊಂಡರು. ಕಿಟಕಿಗಳಿಗೆ ಕಬ್ಬಿಣದ ಸರಳು ಹಾಕಿದ್ದರಿಂದ ಒಳಗಿದ್ದವರಿಗೆ ಹೊರಬರಲು ಆಗಲಿಲ್ಲ. ಕಸುಬಿನವನಾದ ನನಗೆ ಈ ಸುದ್ದಿ ಬೇರೆಯವರಿಗಿಂತ ಹೆಚ್ಚು ಚುಚ್ಚುತ್ತದೆ, ಯಾಕೆಂದರೆ ಕಳ್ಳರ ಭಯಕ್ಕೆ ನಾವೂ ಸರಳು ಹಾಕಿಸುವವರೇ. ಆದ್ದರಿಂದ ಬ್ಯಾಗ್ ಇಟ್ಟ ಮೇಲೆ ಒಂದು ಸಲ ಹೊರಗೆ ಬಂದು ಇಳಿಯಲು ಇನ್ನೊಂದು ಮೆಟ್ಟಿಲ ದಾರಿ ಎಲ್ಲಿದೆ ಹುಡುಕಿ, ಕೆಳಗಿನ ತನಕ ಇಳಿದು ನೋಡಿ. ಅದರ ಬಾಗಿಲಿಗೆ ಬೀಗ ಇದ್ದರೆ, ಅಥವಾ ಹಳೇ ಹಾಸಿಗೆ ಪೇರಿಸಿಟ್ಟಿದ್ದರೆ, ಬೇರೆ ಹೋಟೆಲ್ ನೋಡಿಕೊಳ್ಳಿ. ಎರಡನೆಯ, ಮೂರನೆಯ ಮಹಡಿ ಒಳ್ಳೆಯದು. ನೆಲಮಹಡಿ ಬೇಡ, ಅದಕ್ಕೆ ಮಳೆಯೇ ಕಾರಣ. ಜೂನ್‌ನಿಂದ ನವೆಂಬರ್ ತನಕ ಬಿರುಗಾಳಿಯ ಕಾಲ, ಜೋರು ಮಳೆಗೆ ಟಾಫ್ಟ್ ಅವೆನ್ಯೂ ಮೇಲೆ ಮೊಣಕಾಲುದ್ದ ನೀರು ನಿಲ್ಲುವುದುಂಟು. ಹವಾಮಾನ ಇಲಾಖೆ ಗಾಳಿಗೆ 1ರಿಂದ 5ರವರೆಗೆ ಸಿಗ್ನಲ್ ಕೊಡುತ್ತದೆ. ಹೋಟೆಲಿನ ಸೆಕ್ಯುರಿಟಿಯವನಿಗೆ ಅದು ಯಾವಾಗಲೂ ಗೊತ್ತಿರುತ್ತದೆ. ಸೆಕ್ಯುರಿಟಿಯವರ ಜೊತೆ ಸ್ನೇಹ ಮಾಡಿಕೊಳ್ಳಿ. ಯಾವ ಜೀಪ್ನಿ ಎಲ್ಲಿಗೆ, ಯಾವ ಗಲ್ಲಿ ರಾತ್ರಿ ಬೇಡ, ಎಲ್ಲ ಅವರ ಬಾಯಲ್ಲೇ ಇರುತ್ತದೆ.

ಬಚ್ಚಲ ಬಗ್ಗೆ ನಮ್ಮವರು ಹೆದರುವುದು ಬೇಡ. ಅಲ್ಲಿಯೂ ಬಕೆಟ್ಟು, ಚೊಂಬಿನ ಥರದ "ತಾಬೊ" ಇರುತ್ತದೆ, ಕಾಗದವೇ ಗತಿ ಅನ್ನುವ ಕಷ್ಟ ಇಲ್ಲ. ಇಲ್ಲದಿದ್ದರೆ ಕೇಳಿ, ತಂದುಕೊಡುತ್ತಾರೆ. ಬಿಸಿನೀರು ಎಲ್ಲ ಕಡೆ ಇರುವುದಿಲ್ಲ, ಮನಿಲಾದ ಸೆಕೆಗೆ ಬೇಕಾಗುವುದೂ ಇಲ್ಲ. ಪ್ಲಗ್ ಮಾತ್ರ ಮರೆಯಬೇಡಿ: ವೋಲ್ಟೇಜ್ ನಮ್ಮ ಹಾಗೆಯೇ 220 ಸುಮಾರು, ಆದರೆ ಸಾಕೆಟ್ಟು ಅಮೆರಿಕದ ಚಪ್ಪಟೆ ಎರಡು ಪಿನ್ನಿನದು. ನಮ್ಮ ದುಂಡು ಪಿನ್ ಚಾರ್ಜರ್ ಬಹಳ ಕಡೆ ಹೋಗುವುದೇ ಇಲ್ಲ. ಅಡಾಪ್ಟರ್ ಊರಿನಿಂದಲೇ ಒಯ್ಯಿರಿ. ನಲ್ಲಿ ನೀರು ಕುಡಿಯಬೇಡಿ. ಬೀದಿ ಬೀದಿಗೂ ನೀರು ತುಂಬಿಸಿ ಕೊಡುವ ಅಂಗಡಿಗಳಿವೆ, ಎಷ್ಟೋ ಹೋಟೆಲುಗಳು ಅದೇ ನೀರಿನ ಕ್ಯಾನನ್ನು ಕಾರಿಡಾರಿನಲ್ಲಿ ಇಟ್ಟಿರುತ್ತವೆ.

ಊಟ. ಮಾಂಸ ತಿನ್ನುವವರಿಗೆ ಚಿಂತೆಯೇ ಇಲ್ಲ: ಕರಿಂದೆರಿಯಾ ಅನ್ನುವ ಸಣ್ಣ ಹೋಟೆಲುಗಳಲ್ಲಿ ಪಾತ್ರೆಗಳನ್ನು ಸಾಲಾಗಿ ಇಟ್ಟಿರುತ್ತಾರೆ, ಬೆರಳು ತೋರಿಸಿದರೆ ಅನ್ನದ ಜೊತೆ ಬರುತ್ತದೆ. ನಮ್ಮಂಥ ಸಸ್ಯಾಹಾರಿಗಳಿಗೆ ಅದೇ ಸಾಲು ಪರೀಕ್ಷೆ. ಹೆಸರುಕಾಳಿನ ಪಲ್ಯದಂತೆ ಕಾಣುವ ಮೊಂಗೊದಲ್ಲಿ ಹಂದಿಮಾಂಸ ಇರಬಹುದು. ಬದನೆ, ಬೆಂಡೆ, ಹಾಗಲ ಹಾಕಿದ ಪಿನಕ್ಬೆಟ್ ನೋಡಿದರೆ ಬಾಯಲ್ಲಿ ನೀರು ಬರುತ್ತದೆ, ಅದರಲ್ಲಿ ಬಗೊಂಗ್ ಅನ್ನುವ ಉಪ್ಪುಹಾಕಿ ಹುದುಗಿಸಿದ ಸೀಗಡಿಯ ಗೊಜ್ಜು ಇರುತ್ತದೆ. ಕೆಸುವಿನೆಲೆ ತೆಂಗಿನಹಾಲಿನ ಲಾಯಿಂಗ್ ಕೂಡ ಹಾಗೆಯೇ. ಸುಮ್ಮನೆ "ವೆಜ್" ಅಂದರೆ ತರಕಾರಿ ಇದೆಯಲ್ಲ ಅನ್ನುತ್ತಾರೆ. ಅದಕ್ಕೇ ಒಂದೊಂದೇ ಕೇಳಬೇಕು: ಮಾಂಸ ಇಲ್ಲವಾ, ಮೀನು ಇಲ್ಲವಾ, ಬಗೊಂಗ್ ಇಲ್ಲವಾ, ಪಾಟಿಸ್ ಅನ್ನುವ ಮೀನಿನ ರಸ ಇಲ್ಲವಾ. ಬೆಳಿಗ್ಗೆ ಬೀದಿಯಲ್ಲಿ "ತಹೋ" ಅಂತ ಕೂಗುತ್ತಾ ಬರುವವನ ಹತ್ತಿರ ಮಾತ್ರ ಧೈರ್ಯವಾಗಿ ತಿನ್ನಿ. ಸೋಯಾ ಹಾಲಿನ ಮೆತ್ತನೆ ಗಿಣ್ಣು, ಬೆಲ್ಲದ ಪಾಕ, ಸಾಬಕ್ಕಿ, ಬಿಸಿಬಿಸಿ. ಬಾಳೆಎಲೆಯಲ್ಲಿ ಸುತ್ತಿದ ಸುಮನ್, ಸಕ್ಕರೆ ಹಚ್ಚಿ ಕರಿದ ಬಾಳೆಹಣ್ಣು, ಇವೂ ಸಿಗುತ್ತವೆ. ರೂಮಿನಲ್ಲಿ ಕೆಟಲ್ ಇಲ್ಲದಿದ್ದರೆ ಸೆವೆನ್ ಇಲೆವೆನ್ ಅಂಗಡಿಯ ಬಿಸಿನೀರಿನ ಯಂತ್ರಕ್ಕೆ ಹೋಗಿ. ಅದು ನೂಡಲ್ಸ್ ಕಪ್ಪಿಗೆ ಇಟ್ಟಿದ್ದು, ನಮ್ಮ ಪ್ಯಾಕೆಟ್ ಉಪ್ಪಿಟ್ಟಿಗೂ ಆಗುತ್ತದೆ.

ಮುಂಚೆ ಹೇಳಿದ ಗುಣ ಇದು: ಯುನೈಟೆಡ್ ನೇಷನ್ಸ್ ಅವೆನ್ಯೂ ಹಿಡಿದು ಪಾಕೊ ಕಡೆ ನಡೆದರೆ ಸಿಖ್ಖರ ಗುರುದ್ವಾರ ಬರುತ್ತದೆ, ಅದರ ಹತ್ತಿರದ ಮಹಾತ್ಮ ಗಾಂಧಿ ಬೀದಿಯಲ್ಲಿ ಹಿಂದೂ ದೇವಸ್ಥಾನ. ಸುತ್ತಮುತ್ತ ಬೇಳೆ, ಅಟ್ಟಾ, ಉಪ್ಪಿನಕಾಯಿ ಮಾರುವ ಅಂಗಡಿಗಳು. ಭಾನುವಾರ ಗುರುದ್ವಾರದ ಲಂಗರಿನಲ್ಲಿ ಕೂತು ದಾಲ್ ರೊಟ್ಟಿ ತಿಂದರೆ, ಹಾಸ್ಟೆಲಿನ ಮಕ್ಕಳೂ ಎರಡು ರೊಟ್ಟಿ ಜಾಸ್ತಿ ತಿನ್ನುತ್ತಾರೆ.

ಸದ್ದಿಗೆ ಪರಿಹಾರ ಕಡಿಮೆ. ರಸ್ತೆ ಕಡೆಯ ರೂಮಿಗೆ ಜೀಪ್ನಿಗಳ ಹಾರ್ನು, ಹಿಂದಿನ ರೂಮಿಗೆ ಪಕ್ಕದ ಮನೆಯವರು ವಿಡಿಯೊಕೆ ಅನ್ನುವ ಕರೋಕೆ ಯಂತ್ರದಲ್ಲಿ ಹಾಡುವ ಹಾಡು. ನಡುಪಟ್ಟಣದಲ್ಲೂ ಕಾಳಗದ ಹುಂಜ ಸಾಕುವವರಿದ್ದಾರೆ, ಬೆಳಗಿನ ಜಾವ ಅವು ನಿಮ್ಮನ್ನು ಬಿಡುವುದಿಲ್ಲ. ಕಿವಿಗೆ ಹತ್ತಿ ಒಯ್ಯಿರಿ.

ಹಣ: ರೂಪಾಯಿ ಬದಲಾಯಿಸುವವರು ಅಲ್ಲಿ ಸಿಗುವುದು ಕಷ್ಟ. ಮಡಿಕೆ ಇಲ್ಲದ, ಗೀಚಿಲ್ಲದ ಡಾಲರ್ ಒಯ್ಯಿರಿ. ಬೀದಿಬದಿ ಬದಲಾಯಿಸುವಾಗ ಹಣ ಕೊನೆಯಲ್ಲಿ ಎಣಿಸುವವರು ನೀವೇ ಆಗಿರಬೇಕು, ಎಣಿಸಿದ ಮೇಲೆ ಮತ್ತೆ ಅವರ ಕೈಗೆ ಕೊಡಬಾರದು. ಮಾಲ್ ಒಳಗಿನ ಕೌಂಟರೇ ವಾಸಿ. ಎಟಿಎಂನಲ್ಲಿ ಹೊರದೇಶದ ಕಾರ್ಡಿಗೆ ಪ್ರತಿ ಸಲ 250 ಪೆಸೊ ಆಸುಪಾಸು ಹಿಡಿಯುತ್ತಾರೆ, ಆದ್ದರಿಂದ ಚೂರುಚೂರು ತೆಗೆಯಬೇಡಿ. ತಿಂಗಳ 15 ಮತ್ತು 30 ಅಲ್ಲಿ ಸಂಬಳದ ದಿನ. ಎಟಿಎಂ ಮುಂದೆ ಸಾಲು, ರಸ್ತೆಯಲ್ಲಿ ಜಾಮ್. ಸಾವಿರದ ನೋಟು ಸಿಕ್ಕ ಕೂಡಲೇ ದೊಡ್ಡ ಅಂಗಡಿಯಲ್ಲಿ ಚಿಲ್ಲರೆ ಮಾಡಿಸಿ. ಜೀಪ್ನಿಯ ಕನಿಷ್ಠ ದರ 2023ರ ಕೊನೆಯಲ್ಲಿ 13 ಪೆಸೊ ಆಯಿತು, ಅದಕ್ಕೆ ಸಾವಿರದ ನೋಟು ಚಾಚಿದರೆ ಇಡೀ ಗಾಡಿ ತಿರುಗಿ ನೋಡುತ್ತದೆ. ದುಡ್ಡನ್ನು "ಬಯಾದ್ ಪೊ" ಅಂತ ಮುಂದಿನವರ ಕೈಗೆ ಕೊಡಿ, ಕೈಯಿಂದ ಕೈಗೆ ಡ್ರೈವರ್ ತನಕ ಹೋಗುತ್ತದೆ, ಚಿಲ್ಲರೆಯೂ ಹಾಗೆಯೇ ವಾಪಸ್ ಬರುತ್ತದೆ. ಇಳಿಯಲು "ಪಾರಾ ಪೊ". ಫೋನು ಮಾತ್ರ ಬಾಗಿಲ ಬಳಿ ಕೂತು ಹಿಡಿಯಬೇಡಿ.

ಜನವರಿ 9ರ ಆಚೀಚೆ ಹೋಗುವವರಿಗೆ ಒಂದು ಮಾತು: ಅಂದು ಕಿಯಾಪೊ ಚರ್ಚಿನ ಕಪ್ಪು ಯೇಸುವಿನ ಮೂರ್ತಿಯ ಮೆರವಣಿಗೆ. ಲಕ್ಷಗಟ್ಟಲೆ ಜನ ಬರಿಗಾಲಲ್ಲಿ ಬೀದಿಗಿಳಿಯುತ್ತಾರೆ, ಹಳೇ ಮನಿಲಾದ ರಸ್ತೆಗಳು ಮುಚ್ಚುತ್ತವೆ. ನೋಡುವಂಥದ್ದೇ, ಆದರೆ ಅಂದು ಊರಿಗೆ ಹೊರಡುವ ಟಿಕೆಟ್ ಇಟ್ಟುಕೊಳ್ಳಬೇಡಿ.

ಹೊರಡುವ ದಿನ ರೂಮು ಮಧ್ಯಾಹ್ನಕ್ಕೆ ಬಿಟ್ಟರೂ ಬ್ಯಾಗನ್ನು ಕೌಂಟರಿನಲ್ಲಿ ಇಟ್ಟುಕೊಳ್ಳುತ್ತಾರೆ, ಚೀಟಿ ಇಸಿದುಕೊಳ್ಳಿ, ಡಿಪಾಸಿಟ್ ಆಗಲೇ ಕೇಳಿ ಪಡೆಯಿರಿ. ಸಂಜೆಯ ಸಂಚಾರದ ಅಂದಾಜನ್ನು ಮ್ಯಾಪ್ ನಂಬಿ ಹಾಕಬೇಡಿ, ಸೆಕ್ಯುರಿಟಿಯವನನ್ನು ಕೇಳಿ. ಗ್ರ್ಯಾಬ್ ಆ್ಯಪಿನಲ್ಲಿ ಕಾರು ಬುಕ್ ಮಾಡುವ ಮುಂಚೆ ಟಿಕೆಟ್ ತೆಗೆದು ಟರ್ಮಿನಲ್ ನಂಬರ್ ಓದಿಕೊಳ್ಳಿ. ನಿನೊಯ್ ಅಕಿನೊ ವಿಮಾನ ನಿಲ್ದಾಣಕ್ಕೆ ಹೆಸರು ಒಂದೇ ಆದರೂ ಟರ್ಮಿನಲ್ಲುಗಳು ದೂರ ದೂರದಲ್ಲಿವೆ. ಒಂದರಲ್ಲಿ ಇಳಿದು ಮೂರನೆಯದಕ್ಕೆ ಹೋಗಬೇಕಾದರೆ ಮತ್ತೆ ಅದೇ ಟ್ರಾಫಿಕ್ಕಿಗೆ ಇಳಿಯಬೇಕು.